ಬ್ಯಾಂಕಿನ ಹೆಸರಿನಲ್ಲಿ ಬರುವ ಸುಳ್ಳು ಪತ್ರಗಳು

ಯಡ್ರಾವ ಸಣ್ಣ ಊರು. ಆದರೆ ಪಕ್ಕದ ಇಚಲಕರಂಜಿಯ ಮಗ್ಗಗಳ ದೆಸೆಯಿಂದ ಇಲ್ಲಿ ಹಣದ ಓಡಾಟ ದೊಡ್ಡದು. ಹಿಂದೆ ಪೇಟೆಗೆ ಹುಂಡಿ ಬಂದರೆ ಸಾಹುಕಾರರು ಕೈಬರಹ, ಸಹಿ ನೋಡಿ ಹಣ ಕೊಡುತ್ತಿದ್ದರು. ಇ-ಮೇಲಿಗೆ ಕೈಬರಹವೆಲ್ಲಿದೆ? ಕಳಿಸಿದವರ ಜಾಗದಲ್ಲಿ ಯಾರು ಬೇಕಾದರೂ ಬ್ಯಾಂಕಿನ ಹೆಸರು ಬರೆಯಬಹುದು.

ಈ ಮೋಸಕ್ಕೆ ‘ಫಿಶಿಂಗ್’ ಎನ್ನುತ್ತಾರೆ. ಗಾಳ ಹಾಕಿ ಮೀನು ಹಿಡಿದಂತೆ. 1990ರ ದಶಕದ ನಡುವೆ ‘ಅಮೆರಿಕ ಆನ್‌ಲೈನ್’ ಕಂಪನಿಯ ಗ್ರಾಹಕರ ಪಾಸ್‌ವರ್ಡ್ ಕದಿಯುತ್ತಿದ್ದವರ ನಡುವೆ ಈ ಪದ ಬಳಕೆಗೆ ಬಂತು. ನಮ್ಮಲ್ಲಿ 2005ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟು ಇದು ಕಾನೂನುಬಾಹಿರವೆಂದು ಹೇಳಿತು. ಅಲ್ಲಿ ಕದ್ದದ್ದು ಬ್ಯಾಂಕಿನ ಹೆಸರಲ್ಲ, ನಾಸ್ಕಾಂ ಸಂಸ್ಥೆಯ ಹೆಸರು. ಆಗ ಇದಕ್ಕೆಂದೇ ಕಾಯ್ದೆ ಇರಲಿಲ್ಲ. ಐಟಿ ಕಾಯ್ದೆಯ 66ಸಿ, 66ಡಿ ಕಲಮುಗಳು ಜಾರಿಗೆ ಬಂದದ್ದು 2009ರ ಅಕ್ಟೋಬರ್ 27ರಂದು.

ಕಳ್ಳನಿಗೆ ಶಿಕ್ಷೆ ಸರಿ, ಹೋದ ಹಣ ಯಾರ ತಲೆಗೆ? ನಮ್ಮ ದೃಷ್ಟಿಯಲ್ಲಿ ಈ ಇತಿಹಾಸದ ತಿರುಳು ಇಲ್ಲಿದೆ. 2007ರಲ್ಲಿ ಬ್ಯಾಂಕಿನದೇ ಎಂದು ನಂಬಿ ಇ-ಮೇಲಿಗೆ ಉತ್ತರಿಸಿದ ಗ್ರಾಹಕರೊಬ್ಬರ ತೂತುಕುಡಿ ಶಾಖೆಯ ಖಾತೆಯಿಂದ ಲಕ್ಷಗಟ್ಟಲೆ ಹಣ ಹೋಯಿತು. ತಪ್ಪು ನಿಮ್ಮದೇ ಎಂದಿತು ಬ್ಯಾಂಕು. ತಮಿಳುನಾಡಿನ ಐಟಿ ನ್ಯಾಯನಿರ್ಣಯ ಅಧಿಕಾರಿ ಒಪ್ಪಲಿಲ್ಲ. 2010ರ ಏಪ್ರಿಲ್‌ನಲ್ಲಿ 12.85 ಲಕ್ಷ ರೂಪಾಯಿ ಕೊಡಲು ಬ್ಯಾಂಕಿಗೇ ಆದೇಶಿಸಿದರು. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕು ನಿಯಮ ಹೊರಡಿಸಿತು. ಗ್ರಾಹಕ ತಾನೇ ಪಾಸ್‌ವರ್ಡ್ ಕೊಟ್ಟಿದ್ದರೆ, ಬ್ಯಾಂಕಿಗೆ ದೂರು ಕೊಡುವವರೆಗಿನ ನಷ್ಟ ಅವನದು. ದೂರಿನ ನಂತರದ್ದು ಬ್ಯಾಂಕಿನದು. ಅಂದರೆ ನಾಚಿಕೊಂಡು ಕೂತ ಒಂದೊಂದು ಗಂಟೆಗೂ ಬೆಲೆ ಇದೆ. ನಮ್ಮ ಕಡೆ ಮನೆಯವರಿಗೂ ಹೇಳದೆ ಮುಚ್ಚಿಡುವವರೇ ಹೆಚ್ಚು.

ಗುರುತಿಸುವುದು ಹೇಗೆ? ಮೊದಲು ತಪ್ಪುತಪ್ಪು ಇಂಗ್ಲಿಷ್ ಕಂಡರೆ ಸುಳ್ಳು ಎನ್ನುತ್ತಿದ್ದೆವು. ಈಗ ಯಂತ್ರವೇ ಚೊಕ್ಕ ಇಂಗ್ಲಿಷ್, ಮರಾಠಿ, ಕನ್ನಡ ಬರೆದುಕೊಡುತ್ತದೆ, ಆ ಗುರುತು ಹೋಯಿತು. (ಕನ್ನಡ ಶಾಲೆಯಲ್ಲಿ ಕಲಿತ ನಮ್ಮವರಿಗೆ ಇಂಗ್ಲಿಷ್ ಪತ್ರವೆಂದರೆ ಮೊದಲೇ ಅಳುಕು, ಅದು ಬೇರೆ ಮಾತು.) ಉಳಿದದ್ದು ಅವಸರ: ‘ಇಂದೇ ಕೆವೈಸಿ ಮಾಡದಿದ್ದರೆ ಖಾತೆ ಬಂದ್’. ಇನ್ನೊಂದು, ಲಿಂಕಿನ ವಿಳಾಸ. ರಿಸರ್ವ್ ಬ್ಯಾಂಕಿನ ಆದೇಶದಂತೆ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ಜಾಲತಾಣಗಳನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬದಲಿಸಬೇಕಿತ್ತು. ಬ್ಯಾಂಕಲ್ಲದವರಿಗೆ ಆ ವಿಳಾಸ ಸಿಗುವುದಿಲ್ಲ. ಆದರೆ ಅದು ವಿಳಾಸದಲ್ಲಿ ‘https://’ ಬಿಟ್ಟು ನಂತರ ಬರುವ ಮೊದಲ ಓರೆಗೆರೆಗೆ ತಾಗಿ, ಅದರ ಎಡಕ್ಕೇ ಇರಬೇಕು. ಅದರ ಮುಂದೆ ಇನ್ನೊಂದು ಡಾಟ್, ಇನ್ನೊಂದು ಹೆಸರು ಬಂದರೆ ಅದು ಬೇರೆಯವರ ಮನೆ. ಕಳಿಸಿದವರ ಹೆಸರನ್ನಂತೂ ನಂಬಲೇಬೇಡಿ. ಲಿಂಕ್ ಒತ್ತದೆ ಬ್ಯಾಂಕಿನ ವಿಳಾಸ ನೀವೇ ಟೈಪ್ ಮಾಡಿ.

ಹಣ ಹೋಗಿದ್ದರೆ ಮೊದಲು ಬ್ಯಾಂಕಿಗೆ ತಿಳಿಸಿ, ಕೂಡಲೇ 1930ಕ್ಕೂ ಫೋನ್ ಮಾಡಿ.