ವಿಹಾರ ಸವಾರಿಗೆ ಕುದುರೆಯ ಆಯ್ಕೆ: ತಳಿ ಮತ್ತು ಸ್ವಭಾವ ಕುರಿತು ಸಾರ್ವಜನಿಕರಿಗೆ ಮಾಹಿತಿ

ಬ್ರೂಕ್‌ಫೀಲ್ಡ್, ಕುಂದಲಹಳ್ಳಿ, ವೈಟ್‌ಫೀಲ್ಡ್ ಮುಂತಾದ ಬಡಾವಣೆಗಳ ನಿವಾಸಿಗಳು ತಮಗಾಗಿ ಅಥವಾ ತಮ್ಮ ಮಕ್ಕಳಿಗಾಗಿ ಸವಾರಿ ಕುದುರೆಯನ್ನು ಆರಿಸಿಕೊಳ್ಳಲು ಇಚ್ಛಿಸಿದಲ್ಲಿ, ಅವರ ಅನುಕೂಲಕ್ಕಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ. ಖರೀದಿದಾರರು ಸಾಮಾನ್ಯವಾಗಿ ಕುದುರೆಯ ಬಣ್ಣ, ಎತ್ತರ ಮತ್ತು ಬೆಲೆಯನ್ನು ವಿಚಾರಿಸುತ್ತಾರೆ. ಸ್ವಭಾವದ ವಿಚಾರಣೆ ನಡೆಯುವುದು ಬಹುತೇಕ ಸವಾರನು ಕೆಳಗೆ ಬಿದ್ದ ನಂತರವೇ.

ಕುದುರೆಗಳನ್ನು ಬಿಸಿ ರಕ್ತದವು, ತಣ್ಣನೆ ರಕ್ತದವು ಮತ್ತು ಬೆಚ್ಚನೆ ರಕ್ತದವು ಎಂದು ವಿಂಗಡಿಸುವ ವಾಡಿಕೆ ಇದೆ. ಇದು ದೇಹದ ಉಷ್ಣತೆಗೆ ಸಂಬಂಧಿಸಿದ್ದಲ್ಲ. ಸ್ವಭಾವದ ಚುರುಕು ಅಥವಾ ಸಾವಧಾನವನ್ನು ಸೂಚಿಸುವ ಮಾತು ಮಾತ್ರ. ಅರಬ್ಬಿ ಮತ್ತು ಥರೋಬ್ರೆಡ್ ತಳಿಗಳು ಮೊದಲನೆಯ ವರ್ಗಕ್ಕೆ, ಭಾರ ಎಳೆಯುವ ಯೂರೋಪಿನ ದೊಡ್ಡ ತಳಿಗಳು ಎರಡನೆಯದಕ್ಕೆ, ಇವೆರಡರ ಮಿಶ್ರಣದಿಂದ ಕ್ರೀಡೆಗಾಗಿ ಬೆಳೆಸಿದ ತಳಿಗಳು ಮೂರನೆಯದಕ್ಕೆ ಸೇರುತ್ತವೆ. ಕೊನೆಯ ಎರಡು ವರ್ಗಗಳು ಇಲ್ಲಿ ವಿರಳವಾದ್ದರಿಂದ ಅವುಗಳ ವಿವರ ಅನಗತ್ಯ.

ಥರೋಬ್ರೆಡ್: ಬೆಂಗಳೂರಿನ ಸವಾರಿ ಶಾಲೆಗಳಲ್ಲಿ ಹೆಚ್ಚಾಗಿ ಕಂಡುಬರುವುದು ಪಂದ್ಯದಿಂದ ನಿವೃತ್ತವಾದ ಈ ತಳಿಯ ಕುದುರೆಗಳೇ. ನಗರದಲ್ಲಿ ರೇಸ್ ಕೋರ್ಸ್ ಇರುವುದು ಇದಕ್ಕೆ ಕಾರಣ. ಟಿಪ್ಪು ಸುಲ್ತಾನನ ಅಶ್ವದಳಕ್ಕೆ ಕುದುರೆ ಸಾಕಿದ ಕುಣಿಗಲ್ಲಿನಲ್ಲಿಯೂ ಮುಂದೆ ಇದೇ ತಳಿಯ ಸಂವರ್ಧನೆ ನಡೆಯಿತು. ಎರಡು ವರ್ಷದ ಪ್ರಾಯದಲ್ಲಿಯೇ ಪಂದ್ಯಕ್ಕೆ ಇಳಿಯುವ ಈ ಕುದುರೆಗೆ ಓಡುವುದನ್ನು ಕಲಿಸಲಾಗಿರುತ್ತದೆ. ನಿಲ್ಲುವುದನ್ನು ಅಷ್ಟಾಗಿ ಕಲಿಸಿರುವುದಿಲ್ಲ. ಹೆದರಿದ ಹೊಸ ಸವಾರನು ಲಗಾಮನ್ನು ಬಿಗಿಯಾಗಿ ಎಳೆದು ಹಿಡಿದಾಗ, ಜಾಕಿಯ ಕೈಗೆ ಒರಗಿ ಓಡಿ ಅಭ್ಯಾಸವಿರುವ ಕುದುರೆಯು ಅದನ್ನು ವೇಗ ಹೆಚ್ಚಿಸುವ ಸೂಚನೆಯೆಂದೇ ಭಾವಿಸಬಹುದು. ಇದು ತುಂಟತನವಲ್ಲ, ಹಿಂದಿನ ಪಾಠ. ಕೆಲವು ತಿಂಗಳ ವಿಶ್ರಾಂತಿ ಮತ್ತು ಹೊಸ ತರಬೇತಿ ದೊರೆತಲ್ಲಿ ಇವುಗಳ ಪೈಕಿ ಅನೇಕವು ಮಕ್ಕಳನ್ನೂ ಹೊರುವಷ್ಟು ಸೌಮ್ಯವಾಗುತ್ತವೆ. ಪಂದ್ಯದಿಂದ ನೇರವಾಗಿ ಬಂದ ಕುದುರೆಯನ್ನು ಮಾತ್ರ ಕಲಿಯುವವರು ಪಡೆಯತಕ್ಕದ್ದಲ್ಲ.

ಮಾರ್ವಾಡಿ ಮತ್ತು ಕಾಠಿಯಾವಾಡಿ: ಒಳಕ್ಕೆ ಬಾಗಿದ ಕಿವಿಗಳಿಂದ ಗುರುತಿಸಬಹುದಾದ ಈ ತಳಿಗಳು ಸೂಕ್ಷ್ಮ ಗ್ರಹಿಕೆಯುಳ್ಳವು, ಒಬ್ಬ ಸವಾರನಿಗೆ ಬೇಗ ಒಗ್ಗುತ್ತವೆ, ಒರಟು ಕೈಯನ್ನು ಸಹಿಸುವುದಿಲ್ಲ. ಇವುಗಳಲ್ಲಿ ಕೆಲವನ್ನು ಮದುವೆ ಮೆರವಣಿಗೆಗಾಗಿ ಕುಣಿತ ಕಲಿಸಿ ಮಾರಲಾಗುತ್ತದೆ. ವಾದ್ಯದ ಸದ್ದಿಗೆ ಬೆದರದ ಇಂತಹ ಕುದುರೆಯನ್ನು ಸಾಧುವೆಂದು ನಂಬಿ ಖರೀದಿಸಿದವರು, ಲಗಾಮು ಬಿಗಿಯಾದೊಡನೆ ಅದು ಮುಂಗಾಲೆತ್ತುವುದನ್ನು ಕಂಡು ಗಾಬರಿಯಾಗುವುದುಂಟು.

ಅರಬ್ಬಿ: ವಿಜಯನಗರದ ಕಾಲದಲ್ಲಿ ಭಟ್ಕಳ ಬಂದರಿನ ಮೂಲಕವೂ ಕನ್ನಡ ನಾಡಿಗೆ ಬಂದ ಕುದುರೆ ಇದು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆಗೆ ಹೆಸರು ಕೊಟ್ಟ ಆಗಾ ಅಲಿ ಅಸ್ಕರ್ ಅವರೂ 19ನೇ ಶತಮಾನದಲ್ಲಿ ಪರ್ಷಿಯಾದಿಂದ ಇಲ್ಲಿಗೆ ಬಂದ ಕುದುರೆ ವರ್ತಕರೇ. ಈ ತಳಿಯು ಜಾಣ ಹಾಗೂ ತಾಳಿಕೆಯುಳ್ಳದ್ದು. ಆದರೆ ಸವಾರನ ಅಳುಕನ್ನು ಕೂಡಲೇ ಗ್ರಹಿಸುತ್ತದೆ.

ತಟ್ಟುಗಳು: ಭೀಮಾ ಕಣಿವೆಯ ಭೀಮಥಡಿ ಅಥವಾ ದಖ್ಖನಿ ತಟ್ಟು ಮರಾಠರ ಅಶ್ವಸೇನೆಯಲ್ಲಿದ್ದುದು, ವಲಸೆ ಕುರಿಗಾಹಿಗಳು ಸಾಮಾನು ಹೊರಿಸಲು ಇಂದಿಗೂ ಬಳಸುತ್ತಾರೆ. ಗಟ್ಟಿಮುಟ್ಟಾದ ಈ ಪ್ರಾಣಿಯು ಮಕ್ಕಳಿಗೆ ಮತ್ತು ಹಗುರ ಸವಾರರಿಗೆ ಯೋಗ್ಯ. ಎತ್ತರ ಕಡಿಮೆಯಾದ ಮಾತ್ರಕ್ಕೆ ಸ್ವಭಾವ ಮೃದುವೆಂದು ತಿಳಿಯಬಾರದು. ಹಠ ಹಿಡಿದ ತಟ್ಟುವನ್ನು ಕದಲಿಸುವುದು ಸುಲಭವಲ್ಲ.

ಮೇಲ್ಕಂಡ ವಿವರಗಳು ಸಾಮಾನ್ಯ ಸ್ವರೂಪದವು. ಒಂದೇ ತಳಿಯ ಎರಡು ಕುದುರೆಗಳ ನಡುವಿನ ವ್ಯತ್ಯಾಸವು ಎರಡು ತಳಿಗಳ ನಡುವಿನ ವ್ಯತ್ಯಾಸಕ್ಕಿಂತ ಹೆಚ್ಚಾಗಿರುವುದು ಅಪರೂಪವಲ್ಲ. ಕುದುರೆಯು ಓಟದಿಂದಲೇ ಪ್ರಾಣ ಉಳಿಸಿಕೊಳ್ಳುವ ಪ್ರಾಣಿಯಾದ್ದರಿಂದ ಅಪರಿಚಿತ ಸದ್ದಿಗೆ ಬೆದರುವುದು ಸಹಜ. ಬೆದರಿಕೆಯನ್ನು ಅಭ್ಯಾಸದಿಂದ ತಗ್ಗಿಸಬಹುದು. ಮೈಸೂರಿನಲ್ಲಿ ದಸರೆಗೆ ಮುನ್ನ ಆನೆಗಳೊಂದಿಗೆ ಅಶ್ವಾರೋಹಿ ದಳದ ಕುದುರೆಗಳನ್ನೂ ನಿಲ್ಲಿಸಿ ಕುಶಾಲತೋಪು ಹಾರಿಸುವ ತಾಲೀಮು ನಡೆಯುವುದು ಇದಕ್ಕಾಗಿಯೇ. ಬ್ರೂಕ್‌ಫೀಲ್ಡ್ ಸುತ್ತಮುತ್ತ ನೀರಿನ ಟ್ಯಾಂಕರುಗಳು, 2023ರಿಂದ ಕುಂದಲಹಳ್ಳಿಯಲ್ಲಿ ತಲೆಯ ಮೇಲೆ ಸಾಗುವ ಮೆಟ್ರೋ ರೈಲು, ಎಚ್‌ಎಎಲ್ ಕಡೆಯ ವಿಮಾನಗಳು ಇವೆ. ಬೇಲಿ ಹಾಕಿದ ಮೈದಾನದಲ್ಲಿ ಶಾಂತವಾಗಿದ್ದ ಕುದುರೆಯು ಇಂತಹ ರಸ್ತೆಯಲ್ಲಿಯೂ ಹಾಗೆಯೇ ಇರುವುದೆಂಬ ಖಾತರಿ ಇಲ್ಲ. ಆದುದರಿಂದ ಕಲಿಯುವವರು ಕುದುರೆಯನ್ನು ರಸ್ತೆಗೆ ಇಳಿಸದೆ, ಸವಾರಿ ಶಾಲೆಯ ಅಂಗಳದಲ್ಲಿಯೇ ಅಭ್ಯಾಸ ಮಾಡುವುದು ಸೂಕ್ತ.

ಕೋಪಿಷ್ಠವೆಂದು ಹೆಸರಾದ ಅನೇಕ ಕುದುರೆಗಳಿಗೆ ಇರುವುದು ನೋವು. ಹೊಂದದ ಜೀನಿನಿಂದ ಬೆನ್ನು ನೊಂದಿರುತ್ತದೆ. ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆಯ ಒಳಭಾಗ ಹುಣ್ಣಾಗಿರುತ್ತದೆ. ಕಡಿವಾಣ ತಾಗಿದೊಡನೆ ತಲೆ ಕೊಡಹುತ್ತದೆ. ಕೆಲಸವಿಲ್ಲದೆ ಲಾಯದಲ್ಲಿ ಕಟ್ಟಿ ಹುರುಳಿ, ಓಟ್ಸ್ ಮುಂತಾದ ಕಾಳನ್ನು ಧಾರಾಳವಾಗಿ ತಿನ್ನಿಸಿದ ಕುದುರೆಯೂ ಕೆರಳುತ್ತದೆ. ಚಾಟಿಗೆ ಮುನ್ನ ಪಶುವೈದ್ಯರನ್ನು ಕರೆಯಿಸುವುದು ಲೇಸು.

ಖರೀದಿಸುವವರು ಕುದುರೆಯನ್ನು ಕನಿಷ್ಠ ಎರಡು ಬಾರಿ, ಒಮ್ಮೆ ಮುಂಚಿತವಾಗಿ ತಿಳಿಸದೆಯೇ ನೋಡತಕ್ಕದ್ದು. ಮಾರುವವರು ಬೆಳಿಗ್ಗೆಯೇ ಚೆನ್ನಾಗಿ ಓಡಿಸಿ ದಣಿಸಿ, ಅಥವಾ ಮಂಪರಿನ ಔಷಧ ನೀಡಿ, ಮಧ್ಯಾಹ್ನ ಸಾಧು ಕುದುರೆಯೆಂದು ತೋರಿಸುವ ಸಂಭವವಿರುತ್ತದೆ. ಜೀನು ಬಿಗಿಯುವಾಗ ಕಿವಿ ಹಿಂದಕ್ಕೆ ಮಡಿಸುವುದೇ, ಗೊರಸು ಎತ್ತಲು ಬಿಡುವುದೇ, ಇತರ ಕುದುರೆಗಳಿಂದ ಬೇರ್ಪಟ್ಟು ಒಂಟಿಯಾಗಿ ನಡೆಯುವುದೇ ಎಂಬುದನ್ನು ಗಮನಿಸಬೇಕು. ಮೊದಲು ಮಾರುವವರೇ ಹತ್ತಿ ಸವಾರಿ ಮಾಡಿ ತೋರಿಸುವಂತೆ ಕೇಳಬೇಕು. ಕಲಿಯುವವರಿಗೆ ಹತ್ತು ವರ್ಷ ಮೀರಿದ, ಬೀಜ ಒಡೆದ ಗಂಡು ಕುದುರೆಯು ಸಾಮಾನ್ಯವಾಗಿ ಎಲ್ಲಕ್ಕಿಂತ ಸುರಕ್ಷಿತ. ಮನುಷ್ಯರಿಗೂ ತಗಲಬಲ್ಲ ಗ್ಲಾಂಡರ್ಸ್ ರೋಗದ ರಕ್ತಪರೀಕ್ಷೆಯನ್ನು ಖರೀದಿಗೆ ಮುನ್ನವೇ ಮಾಡಿಸುವುದು ಒಳಿತು.

ಕುದುರೆಯು 25 ರಿಂದ 30 ವರ್ಷ ಬದುಕಬಲ್ಲದು. ಹನ್ನೆರಡರ ಪ್ರಾಯದಲ್ಲಿ ಕೊಂಡ ಕುದುರೆಗೆ, ಮಗುವಿನ ಆಸಕ್ತಿ ತೀರಿದ ಬಳಿಕವೂ, ಮತ್ತೂ ಹತ್ತು ಹದಿನೈದು ವರ್ಷ ಮೇವು, ಲಾಳ ಮತ್ತು ಆರೈಕೆ ಬೇಕಾಗುತ್ತದೆ. ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ಬೀದಿಗೆ ಬಿಡುವುದು ಪ್ರಾಣಿಗಳಿಗೆ ಕ್ರೌರ್ಯ ತಡೆ ಅಧಿನಿಯಮ, 1960ರ ಅನ್ವಯ ಅಪರಾಧವಾಗಿರುತ್ತದೆ.