ರೋಗ ಎಲ್ಲಿದೆ? — ಭೂಗೋಳಜ್ಞ ಸ್ಟಾನ್ ಓಪನ್‌ಷಾ ಅವರ ವಿದ್ವತ್‌ಜೀವನ

(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ವೃತ್ತಿಯಿಂದ ವೈದ್ಯನಾದ ನನ್ನನ್ನು ಭೂಗೋಳಜ್ಞರೊಬ್ಬರ ಕುರಿತು ಮಾತನಾಡಲು ಆಹ್ವಾನಿಸಿದ ಕಾರ್ಯಕಾರಿ ಸಮಿತಿಯ ಧೈರ್ಯವನ್ನು ಮೊದಲು ಮೆಚ್ಚಬೇಕು. ಎಂ.ಬಿ.ಬಿ.ಎಸ್. ಓದುವಾಗ ನಮಗೆ ರೋಗಪ್ರಸಾರವನ್ನು ಕುರಿತು ಮೂರು ಪ್ರಶ್ನೆಗಳನ್ನು ಕಲಿಸುತ್ತಿದ್ದರು: ಯಾರಿಗೆ ಬಂತು, ಯಾವಾಗ ಬಂತು, ಎಲ್ಲಿ ಬಂತು. ಮೊದಲೆರಡನ್ನು ನಾವು ವೃತ್ತಿಯುದ್ದಕ್ಕೂ ಕೇಳುತ್ತೇವೆ. ಮೂರನೆಯದನ್ನು ಆಸ್ಪತ್ರೆಯ ಗುಮಾಸ್ತೆಗೆ ಬಿಟ್ಟುಬಿಡುತ್ತೇವೆ. ಆಕೆ ರೋಗಿಯ ಪೋಸ್ಟ್‌ಕೋಡ್ ಬರೆದುಕೊಳ್ಳುತ್ತಾಳೆ, ಅಲ್ಲಿಗೆ ಮುಗಿಯಿತು. ಆ ಮೂರನೆಯ ಪ್ರಶ್ನೆಗಾಗಿಯೇ ತಮ್ಮ ವಿದ್ವತ್‌ಜೀವನವನ್ನು ಸವೆಸಿದ ಒಬ್ಬರು ನಮ್ಮ ಈ ಉತ್ತರ ಇಂಗ್ಲೆಂಡಿನಲ್ಲೇ, ಮೊದಲು ನ್ಯೂಕಾಸಲ್ಲಿನಲ್ಲಿ, ಅನಂತರ ಲೀಡ್ಸ್‌ನಲ್ಲಿ ಇದ್ದರು. ಅವರೇ ಪ್ರೊಫೆಸರ್ ಸ್ಟಾನ್ ಓಪನ್‌ಷಾ.

ಅವರ ವಿಷಯಕ್ಕೆ ಬರುವ ಮುನ್ನ ಲೀಡ್ಸ್ ನಗರದ ಹಳೆಯ ಋಣವೊಂದನ್ನು ನೆನೆಯಬೇಕು. ಭೂಪಟ ಮತ್ತು ರೋಗ ಎಂದೊಡನೆ ನಮಗೆ ನೆನಪಾಗುವುದು 1854ರ ಲಂಡನ್, ಬ್ರಾಡ್ ಸ್ಟ್ರೀಟಿನ ನೀರಿನ ಪಂಪು ಮತ್ತು ಡಾ. ಜಾನ್ ಸ್ನೋ. ಸ್ನೋ ಅವರು 1813ರಲ್ಲಿ ಯಾರ್ಕ್ ನಗರದಲ್ಲಿ ಹುಟ್ಟಿದವರು; ಕಾಲರಾವನ್ನು ಮೊದಲು ಕಂಡದ್ದು ನ್ಯೂಕಾಸಲ್ ಬಳಿಯ ಕಲ್ಲಿದ್ದಲ ಗಣಿಗಾರರ ನಡುವೆ, ಇನ್ನೂ ಕಲಿಯುವ ಹುಡುಗನಾಗಿದ್ದಾಗ. ಅವರ ಪ್ರಸಿದ್ಧ ನಕ್ಷೆಗೆ 20 ವರ್ಷಗಳಿಗೂ ಮೊದಲೇ, 1833ರಲ್ಲಿ, ಲೀಡ್ಸ್‌ನ ಶಸ್ತ್ರವೈದ್ಯ ರಾಬರ್ಟ್ ಬೇಕರ್ ತಮ್ಮ ಊರಿನ ಕಾಲರಾ ನಕ್ಷೆಯನ್ನು ಪ್ರಕಟಿಸಿದ್ದರು. ಹಿಂದಿನ ವರ್ಷ ಆ ರೋಗ ಲೀಡ್ಸ್‌ನಲ್ಲಿ ಸುಮಾರು 700 ಜನರನ್ನು ಬಲಿ ತೆಗೆದುಕೊಂಡಿತ್ತು. ಚರಂಡಿಯಿಲ್ಲದ, ನೇಕಾರರೂ ಕೂಲಿಗಾರರೂ ಕಿಕ್ಕಿರಿದು ವಾಸಿಸುತ್ತಿದ್ದ ಓಣಿಗಳಲ್ಲೇ ಸಾವು ಗುಂಪುಗೂಡಿತ್ತೆಂಬುದು ಬೇಕರರ ನಕ್ಷೆಯಲ್ಲಿ ಎದ್ದು ಕಾಣುತ್ತಿತ್ತು. ನಮ್ಮ ಪಠ್ಯಪುಸ್ತಕಗಳಲ್ಲಿ ಅವರ ಹೆಸರಿಲ್ಲ. ರಾಜಧಾನಿಯಲ್ಲಿ ನಡೆದದ್ದೇ ಚರಿತ್ರೆಯಾಗುವುದು ಎಲ್ಲ ದೇಶಗಳ ರೂಢಿ!

ಓಪನ್‌ಷಾ ಹುಟ್ಟಿದ್ದು 1946ರಲ್ಲಿ. ನ್ಯೂಕಾಸಲ್ ವಿಶ್ವವಿದ್ಯಾನಿಲಯದಲ್ಲಿ 18 ವರ್ಷ ಸೇವೆ ಸಲ್ಲಿಸಿ, ಅಲ್ಲಿಯೇ ಪ್ರಾಧ್ಯಾಪಕರಾಗಿ, 1992ರಲ್ಲಿ ಲೀಡ್ಸ್‌ಗೆ ಬಂದರು. ಗಣಕಯಂತ್ರವು ಒಂದು ಕೋಣೆಯನ್ನೇ ತುಂಬುತ್ತಿದ್ದ ಕಾಲದಿಂದಲೂ ಅದರ ಮೇಲೆ ಅಪಾರ ನಂಬಿಕೆ ಇಟ್ಟವರು. ಅವರ ಮೊದಲ ದೊಡ್ಡ ಕೆಲಸ ರೋಗಕ್ಕೆ ಸಂಬಂಧಿಸಿದ್ದಲ್ಲ, ಗಡಿರೇಖೆಗಳಿಗೆ ಸಂಬಂಧಿಸಿದ್ದು. 1979ರಲ್ಲಿ ಪೀಟರ್ ಟೇಲರ್ ಅವರೊಡನೆ ಬರೆದ ಪ್ರಬಂಧವೊಂದರಲ್ಲಿ ಅವರು ಅಮೆರಿಕದ ಅಯೋವಾ ರಾಜ್ಯದ 99 ಕೌಂಟಿಗಳನ್ನು ತೆಗೆದುಕೊಂಡರು. ವೃದ್ಧರ ಪ್ರಮಾಣಕ್ಕೂ ರಿಪಬ್ಲಿಕನ್ ಪಕ್ಷಕ್ಕೆ ಬಿದ್ದ ಮತಗಳಿಗೂ ಇರುವ ಸಹಸಂಬಂಧವೆಷ್ಟು ಎಂಬುದು ಪ್ರಶ್ನೆ. ಆ ಕೌಂಟಿಗಳನ್ನೇ ಬೇರೆ ಬೇರೆ ರೀತಿಯಲ್ಲಿ ಒಟ್ಟುಗೂಡಿಸಿ ವಲಯಗಳನ್ನು ರಚಿಸುತ್ತ ಹೋದಂತೆ ಉತ್ತರ ಬದಲಾಯಿತು. ಬದಲಾದದ್ದು ಅಲ್ಪಸ್ವಲ್ಪವಲ್ಲ, ಹೆಚ್ಚುಕಡಿಮೆ ಪೂರ್ಣ ವಿರೋಧದಿಂದ ಹೆಚ್ಚುಕಡಿಮೆ ಪೂರ್ಣ ಹೊಂದಾಣಿಕೆಯವರೆಗೆ. ಜನರು ಅವರೇ, ಮತಗಳು ಅವೇ. ಬದಲಾದದ್ದು ಗೆರೆ ಮಾತ್ರ.

ಇದು ಕನ್ನಡಿಗರಾದ ನಮಗೆ ತೀರ ಹೊಸ ಸಂಗತಿಯೇನಲ್ಲ. ಹರಪನಹಳ್ಳಿ ತಾಲ್ಲೂಕನ್ನೇ ನೋಡಿ. 1997ರವರೆಗೆ ಅದು ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಹೊಸದಾಗಿ ರಚನೆಯಾದ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಅಲ್ಲಿನ ರೈತ ತನ್ನ ಹೊಲ ಬಿಟ್ಟು ಕದಲಿಲ್ಲ. ಆದರೂ ಅವನ ಮಕ್ಕಳ ಸಾಕ್ಷರತೆ, ಅವನ ಮನೆಯ ಶಿಶುಮರಣ ಮೂರು ಜಿಲ್ಲೆಗಳ ಸರಾಸರಿಯನ್ನು ಏರಿಸಿ ಇಳಿಸಿತು. 1956ಕ್ಕೆ ಮುಂಚೆ ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು ಎಂದು ಹಂಚಿಹೋಗಿದ್ದ ನಮ್ಮ ಹಿರಿಯರ ಸ್ಥಿತಿಗತಿಯನ್ನು ಯಾವ ಪ್ರಾಂತದ ಅಂಕಿ-ಅಂಶವೂ ಕನ್ನಡಿಗರದೆಂದು ಬೇರೆಯಾಗಿ ತೋರಿಸುತ್ತಿರಲಿಲ್ಲ.

ಇನ್ನು ಅವರನ್ನು ವೈದ್ಯರ ಲೋಕಕ್ಕೆ ಎಳೆತಂದ ಪ್ರಸಂಗ. 1983ರ ನವೆಂಬರ್ 1ರಂದು ಲೀಡ್ಸ್‌ನ ಯಾರ್ಕ್‌ಷೈರ್ ಟೆಲಿವಿಷನ್ ಸಿದ್ಧಪಡಿಸಿದ ಕಾರ್ಯಕ್ರಮವೊಂದು ಪ್ರಸಾರವಾಯಿತು. ಕಂಬ್ರಿಯಾದ ಕಡಲತೀರದಲ್ಲಿ, ಸೆಲ್ಲಾಫೀಲ್ಡ್ ಅಣುಸ್ಥಾವರದ ಪಕ್ಕದಲ್ಲಿ ಸೀಸ್ಕೇಲ್ ಎಂಬ ಪುಟ್ಟ ಊರಿದೆ. ಅಲ್ಲಿನ ಮಕ್ಕಳಲ್ಲಿ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ನಿರೀಕ್ಷೆಗಿಂತ ಸುಮಾರು 10 ಪಟ್ಟು ಹೆಚ್ಚಾಗಿದೆಯೆಂದು ಆ ಕಾರ್ಯಕ್ರಮ ಹೇಳಿತು. ದೇಶವೇ ಬೆಚ್ಚಿತು. ಮ್ಯಾಂಚೆಸ್ಟರಿನಲ್ಲಿ ಬಹುಕಾಲ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸರ್ ಡಗ್ಲಸ್ ಬ್ಲ್ಯಾಕ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ವಿಚಾರಣೆ ನಡೆಸಿತು. 1984ರ ಅವರ ವರದಿ ರೋಗದ ಆಧಿಕ್ಯವನ್ನು ಒಪ್ಪಿತು. ಸ್ಥಾವರದ ವಿಕಿರಣವೇ ಕಾರಣವೆನ್ನಲು ಸಾಕ್ಷ್ಯ ಸಾಲದೆಂದಿತು.

ಸಂಖ್ಯಾಶಾಸ್ತ್ರಜ್ಞರ ಆಕ್ಷೇಪ ಬೇರೆಯೇ ಆಗಿತ್ತು. ಗೋಡೆಗೆ ಗುಂಡು ಹಾರಿಸಿ, ಗುಂಡು ತಗುಲಿದ ಕಡೆ ಗುರಿಯ ವೃತ್ತ ಬರೆದು ‘ನೋಡಿ, ನನ್ನ ಗುರಿ ತಪ್ಪಲಿಲ್ಲ’ ಎನ್ನುವವನ ಕಥೆ ತಮಗೆ ಗೊತ್ತಿರಬಹುದು. ರೋಗಿಗಳಿರುವ ಊರನ್ನು ಮೊದಲೇ ಹುಡುಕಿಕೊಂಡು, ಅದರ ಸುತ್ತ ಗೆರೆ ಎಳೆದು, ಆಮೇಲೆ ಲೆಕ್ಕ ಹಾಕಿದರೆ ಆ ಲೆಕ್ಕಕ್ಕೆ ಬೆಲೆಯೆಷ್ಟು? ಈ ಪ್ರಶ್ನೆಗೆ ಓಪನ್‌ಷಾ ಕೊಟ್ಟ ಉತ್ತರ ಸರಳ, ಆದರೆ ಸಾಹಸದ್ದು: ಒಂದು ಊರಿನ ಸುತ್ತ ವೃತ್ತ ಬರೆಯುವುದು ಪಕ್ಷಪಾತವಾದರೆ, ಎಲ್ಲ ಕಡೆಯೂ ಬರೆಯೋಣ!

1987ರಲ್ಲಿ ಅವರೂ ಅವರ ಸಂಗಡಿಗರೂ ಪ್ರಕಟಿಸಿದ ‘ಜಿಯಾಗ್ರಫಿಕಲ್ ಅನಾಲಿಸಿಸ್ ಮೆಷಿನ್’ ಮಾಡಿದ್ದು ಇದನ್ನೇ. ಇದು ಕಬ್ಬಿಣದ ಯಂತ್ರವಲ್ಲ, ಗಣಕದ ಕಾರ್ಯಕ್ರಮ. ಉತ್ತರ ಇಂಗ್ಲೆಂಡಿನ ನಕ್ಷೆಯ ಮೇಲೆ ಒಂದು ಕಿಲೋಮೀಟರಿನಿಂದ 20 ಕಿಲೋಮೀಟರಿನವರೆಗಿನ ತ್ರಿಜ್ಯಗಳಲ್ಲಿ, ಒಂದರ ಮೇಲೊಂದು ಹಾಯುವಂತೆ, ಲಕ್ಷಗಟ್ಟಲೆ ವೃತ್ತಗಳು. ಪ್ರತಿ ವೃತ್ತದಲ್ಲಿ ಮಕ್ಕಳೆಷ್ಟು, ರೋಗಪೀಡಿತರೆಷ್ಟು ಎಂಬ ಎಣಿಕೆ. ಬಳಿಕ ರೋಗವನ್ನು ಕೇವಲ ಆಕಸ್ಮಿಕವಾಗಿ, ಚೀಟಿ ಎತ್ತಿದಂತೆ ಹಂಚಿದರೆ ಅಷ್ಟು ಸಂಖ್ಯೆ ಬರಬಹುದೇ ಎಂದು ನೂರಾರು ಸಲ ಕೃತಕವಾಗಿ ಹಂಚಿ ನೋಡುವುದು. ಬರಲಾರದೆನಿಸಿದ ವೃತ್ತಗಳನ್ನು ಮಾತ್ರ ನಕ್ಷೆಯಲ್ಲಿ ಉಳಿಸುವುದು. ವೃತ್ತಗಳು ದಟ್ಟವಾಗಿ ಪೇರಿಸಿಕೊಂಡ ಕಡೆ ಏನೋ ಇದೆ ಎಂದರ್ಥ. ಇದನ್ನು ಸಾಧ್ಯವಾಗಿಸಿದ್ದು ಆಸ್ಪತ್ರೆಯ ಗುಮಾಸ್ತೆ ಬರೆದುಕೊಂಡ ಆ ಪೋಸ್ಟ್‌ಕೋಡೇ. ಕಾಗದ ಹಂಚಲೆಂದು ಹುಟ್ಟಿದ ಈ ಸಂಕೇತ ಸರಾಸರಿ ಹದಿನೈದು ವಿಳಾಸಗಳಿಗೊಂದರಂತಿದೆ. 1972ರಲ್ಲಿ ಬಂದ ನಮ್ಮ ಪಿನ್‌ಕೋಡಿನಲ್ಲಾದರೋ ಹಲವು ಹಳ್ಳಿಗಳು ಒಟ್ಟಿಗೇ ಅಡಗಿರುತ್ತವೆ.

ಫಲಿತಾಂಶ 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ನ್ಯೂಕಾಸಲ್ಲಿನ ಮಕ್ಕಳ ತಜ್ಞ ಅಲನ್ ಕ್ರಾಫ್ಟ್, ಮ್ಯಾಂಚೆಸ್ಟರಿನ ಮಕ್ಕಳ ಕ್ಯಾನ್ಸರ್ ನೋಂದಣಿಯ ಜಿಲಿಯನ್ ಬರ್ಚ್ ಸಹಲೇಖಕರು. 1968ರಿಂದ 1985ರವರೆಗಿನ ದಾಖಲೆಗಳನ್ನು ಯಂತ್ರಕ್ಕೆ ಉಣಿಸಲಾಗಿತ್ತು. ಸೆಲ್ಲಾಫೀಲ್ಡ್ ಎಂಬ ಹೆಸರನ್ನೇ ಅರಿಯದ ಆ ಯಂತ್ರ ಸೀಸ್ಕೇಲನ್ನು ತಾನಾಗಿಯೇ ತೋರಿಸಿತು. ಅದಕ್ಕಿಂತ ಮಹತ್ವದ್ದು ಎರಡನೆಯ ಗುಂಪು: ಟೈನ್ ನದಿಯ ದಡದ ಗೇಟ್ಸ್‌ಹೆಡ್. ಅಲ್ಲಿ ಅಣುಸ್ಥಾವರವಿಲ್ಲ. ಅಲ್ಲಿಗೆ ಯಾವ ಟೆಲಿವಿಷನ್ನಿನವರೂ ಹೋಗಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅವರ ಸಾಧನೆಯ ತಿರುಳು ಇಲ್ಲಿದೆ. ಅನುಮಾನವಿರುವಲ್ಲಿ ಮಾತ್ರ ಹುಡುಕುವವನಿಗೆ ಗೇಟ್ಸ್‌ಹೆಡ್ ಎಂದಿಗೂ ಕಾಣುತ್ತಿರಲಿಲ್ಲ.

ವಿರೋಧವೂ ಬಲವಾಗಿಯೇ ಬಂತು. ಲಕ್ಷಾಂತರ ಸಲ ಪರೀಕ್ಷಿಸಿದರೆ ಕೆಲವು ವೃತ್ತಗಳು ಕೇವಲ ಅದೃಷ್ಟದಿಂದ ಎದ್ದು ಕಾಣಲೇಬೇಕು. ಒಂದರ ಮೇಲೊಂದು ಬಿದ್ದ ವೃತ್ತಗಳು ಸ್ವತಂತ್ರ ಸಾಕ್ಷಿಗಳೂ ಅಲ್ಲ. ಜೂಲಿಯನ್ ಬೆಸಾಗ್ ಮತ್ತು ಜೇಮ್ಸ್ ನ್ಯೂವೆಲ್ 1991ರಲ್ಲಿ ಹೆಚ್ಚು ಬಿಗಿಯಾದ ವಿಧಾನವೊಂದನ್ನು ಮುಂದಿಟ್ಟರು. ಮಾರ್ಟಿನ್ ಕುಲ್ಡಾರ್ಫ್ 1990ರ ದಶಕದಲ್ಲಿ ಇದೇ ವೃತ್ತಗಳ ಕಲ್ಪನೆಗೆ ಸಂಖ್ಯಾಶಾಸ್ತ್ರದ ಭದ್ರ ತಳಹದಿ ಒದಗಿಸಿದರು. ಇಂದು ಸಾರ್ವಜನಿಕ ಆರೋಗ್ಯ ಇಲಾಖೆಗಳು ಹೆಚ್ಚಾಗಿ ಬಳಸುವುದು ಅವರ ವಿಧಾನವನ್ನು. ಟೀಕಾಕಾರರ ಮಾತು ನ್ಯಾಯವಾದದ್ದೇ. ರೋಗವಿಲ್ಲದ ಊರಿಗೆ ರೋಗದ ಹೆಸರು ಅಂಟಿಸಿದರೆ ಅಲ್ಲಿನ ತಾಯಂದಿರ ನಿದ್ದೆ ಕೆಡುತ್ತದೆ, ಮನೆಗಳ ಬೆಲೆ ಬೀಳುತ್ತದೆ. ಆದರೆ ಶಂಕೆ ತಪ್ಪಾದೀತೆಂದು ಕಣ್ಣು ಮುಚ್ಚಿ ಕೂರುವುದು ಯಾವ ವೈದ್ಯಧರ್ಮ? ನಮ್ಮ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ 1970ರ ದಶಕದಲ್ಲಿ ಬಡ ಕೃಷಿಕೂಲಿ ಕುಟುಂಬಗಳ ಕೀಲುಗಳನ್ನು ಸವೆಸುವ ಕಾಯಿಲೆ ಬೆಳಕಿಗೆ ಬಂತು. ಶಿವಮೊಗ್ಗ ಜಿಲ್ಲೆಯ ಸರಾಸರಿಯಲ್ಲಿ ಅದು ಕರಗಿ ಕಾಣದಂತಾಗುತ್ತಿತ್ತು. ಊರಿನ ಮಟ್ಟದಲ್ಲಿ ನೋಡಿದ್ದರಿಂದಲೇ ಆ ರೋಗಕ್ಕೆ ಊರಿನ ಹೆಸರು ನಿಂತಿದೆ.

ಸೀಸ್ಕೇಲಿನ ಕಾರಣದ ಶೋಧ ಮುಂದುವರಿಯಿತು. ತಂದೆಯರಿಗೆ ತಗುಲಿದ ವಿಕಿರಣವೇ ಕಾರಣವಿರಬಹುದೆಂದು ಮಾರ್ಟಿನ್ ಗಾರ್ಡ್ನರ್ 1990ರಲ್ಲಿ ಸೂಚಿಸಿದರು. ಆ ಆಧಾರದ ಮೇಲೆ ಎರಡು ಕುಟುಂಬಗಳು ಹೂಡಿದ ದಾವೆ 1993ರಲ್ಲಿ ಉಚ್ಚ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಒಂಟಿಯಾಗಿದ್ದ ಪ್ರದೇಶಕ್ಕೆ ಹೊರಗಿನ ಜನ ಗುಂಪಾಗಿ ಬಂದಾಗ ಯಾವುದೋ ಸೋಂಕು ಹರಡಿ ಹೀಗಾಗುತ್ತದೆಂಬ ಲಿಯೋ ಕಿನ್ಲೆನ್ ಅವರ 1988ರ ವಾದಕ್ಕೆ ಇಂದಿಗೂ ಮನ್ನಣೆಯಿದೆ. 2016ರ ಸರ್ಕಾರಿ ಸಮಿತಿಯ ವರದಿಯು ಅಲ್ಲಿ ಈಚಿನ ದಶಕಗಳಲ್ಲಿ ಆಧಿಕ್ಯ ಉಳಿದಿಲ್ಲವೆಂದಿತು.

ಓಪನ್‌ಷಾ ಮೃದುಭಾಷಿಯಲ್ಲ. ಬ್ರಿಟನ್ನಿನ ಮೇಲೆ ಅಣುಬಾಂಬು ಬಿದ್ದರೆ ಸರ್ಕಾರ ಹೇಳುವುದಕ್ಕಿಂತ ಬಹಳ ಹೆಚ್ಚು ಜನ ಸಾಯುತ್ತಾರೆಂದು 1983ರಲ್ಲೇ ಇಬ್ಬರು ಸಂಗಡಿಗರೊಡನೆ ಪುಸ್ತಕ ಬರೆದವರು. ಗಣಕವನ್ನು ಅನುಮಾನಿಸುತ್ತಿದ್ದ ಸಹೋದ್ಯೋಗಿ ಭೂಗೋಳಜ್ಞರನ್ನು ಲೇಖನಗಳಲ್ಲಿ ಕೆಣಕುತ್ತಲೇ ಇದ್ದರು. ಇದರಿಂದ ಮಿತ್ರರಷ್ಟೇ ವಿರೋಧಿಗಳನ್ನೂ ಗಳಿಸಿದರು. ‘ಜಿಯೋಕಂಪ್ಯುಟೇಷನ್’ ಎಂಬ ಹೊಸ ಶಾಖೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1996ರಲ್ಲಿ ಲೀಡ್ಸ್‌ನಲ್ಲಿ ನಡೆಯಿತು. ಮೂರು ವರ್ಷಗಳ ನಂತರ, 1999ರಲ್ಲಿ, ತೀವ್ರವಾದ ಪಾರ್ಶ್ವವಾಯು ಅವರ ವೃತ್ತಿಯನ್ನು ಒಮ್ಮೆಗೇ ನಿಲ್ಲಿಸಿತು. ಆಗ ಅವರಿಗೆ ಐವತ್ತರ ಆಸುಪಾಸು, ನನ್ನ ಈಗಿನ ವಯಸ್ಸು. 2022ರಲ್ಲಿ ನಿಧನರಾದರು.

ಅವರು ನಿವೃತ್ತರಾದ ಮೇಲೆ ನಡೆದ 2001ರ ಜನಗಣತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಅತಿ ಚಿಕ್ಕ ವಲಯಗಳನ್ನು ಗಣಕದಿಂದಲೇ ರಚಿಸಲಾಯಿತು. ಆ ಕೆಲಸ ಮಾಡಿದವರು ಸೌತಾಂಪ್ಟನ್ನಿನ ಡೇವಿಡ್ ಮಾರ್ಟಿನ್. ವಿಧಾನದ ಬೇರು ಓಪನ್‌ಷಾ 1977ರಲ್ಲಿ ಸೂಚಿಸಿದ ವಲಯರಚನೆಯ ಕ್ರಮದಲ್ಲಿದೆ. ಒಂದೊಂದು ವಲಯಕ್ಕೆ ಸುಮಾರು 125 ಮನೆಗಳ ಗುರಿ. ಯಾವ ಬೀದಿ ಬಡತನದ್ದು, ಯಾವುದಕ್ಕೆ ನೆರವು ಬೇಕು ಎಂಬ ಸರ್ಕಾರಿ ಸೂಚ್ಯಂಕಗಳೆಲ್ಲ ಇಂಥ ವಲಯಗಳನ್ನು ಜೋಡಿಸಿಯೇ ತಯಾರಾಗುತ್ತವೆ. ಬರ್ಮಿಂಗ್‌ಹ್ಯಾಮಿನಲ್ಲಿ, ಲೀಡ್ಸ್‌ನಲ್ಲಿ ತಾವಿರುವ ಮನೆಯೂ ಅಂಥದೊಂದರ ಒಳಗಿದೆ. ಪಕ್ಕದ ಮನೆ ಅದರೊಳಗೆ ಸೇರದೆ ಗೆರೆಯ ಆಚೆಗೂ ಇರಬಹುದು.