ದೂತನ ಅವಧ್ಯತೆಯೂ ರಾಷ್ಟ್ರಪ್ರತಿನಿಧಿಯ ವಿನಾಯಿತಿಯೂ

ಕವಿ ರನ್ನನು ತನ್ನ ಹುಟ್ಟೂರಾದ ಮುದುವೊಳಲನ್ನು ಬೆಳುಗಲಿ ಐನೂರರ ಜಂಬುಖಂಡಿ ಎಪ್ಪತ್ತರೊಳಗಿನದೆಂದು ಹೇಳಿಕೊಂಡಿರುವನು. ಆ ಬೆಳುಗಲಿಯೇ ಇಂದು ರನ್ನ ಬೆಳಗಲಿಯೆನಿಸಿದೆ. ಅವನು ಜನಿಸಿದ ಕ್ರಿ. ಶ. 949ಕ್ಕೆ ಹತ್ತು ವರ್ಷಗಳ ತರುವಾಯ, ಪಂಪನಿಗೆ ಆಶ್ರಯವಿತ್ತ ವೇಮುಲವಾಡದ ಚಾಲುಕ್ಯರ ನಾಡಿನಲ್ಲಿ ಸೋಮದೇವಸೂರಿಯು ತನ್ನ ಯಶಸ್ತಿಲಕವನ್ನು ಮುಗಿಸಿದನು. ಅದೇ ಸೋಮದೇವನ ನೀತಿವಾಕ್ಯಾಮೃತದಲ್ಲಿ ದೂತನಿಗೆಂದೇ ಒಂದು ಸಮುದ್ದೇಶವುಂಟು. ದೂತನು ಯಾವ ಕುಲದವನಾದರೂ ಅವಧ್ಯನೆಂಬ ಕೌಟಿಲ್ಯನ ಮತವನ್ನು ಅವನು ಅಲ್ಲಿ ಎತ್ತಿಹಿಡಿದಿರುವನು. ಚಾಲುಕ್ಯಶಾಸನಗಳಲ್ಲಿ ಹೇರಿಸಂಧಿವಿಗ್ರಹಿ, ಕನ್ನಡಸಂಧಿವಿಗ್ರಹಿ ಮುಂತಾದ ಅಧಿಕಾರಿಗಳ ಹೆಸರು ಬರುವುದರಿಂದ, ರಾಜರಾಜರ ನಡುವಣ ಮಾತುಕತೆಯು ಈ ನಾಡಿನಲ್ಲಿ ಒಂದು ವ್ಯವಸ್ಥಿತವಾದ ಕಾರ್ಯವಾಗಿದ್ದಿತೆಂಬುದೂ ಸ್ಪಷ್ಟ.

ಅವಧ್ಯತೆಗೆ ಶಾಸ್ತ್ರಕಾರರು ಕೊಡುವ ಕಾರಣವೊಂದೇ: ದೂತನಾಡುವುದು ಪರರ ಮಾತು, ತನ್ನದಲ್ಲ. ರಕ್ಷೆಯು ವ್ಯಕ್ತಿಗಲ್ಲ, ನಿಯೋಗಕ್ಕೆ.

ಇಷ್ಟರಿಂದಲೇ ಈಗಿನ ಅಂತರರಾಷ್ಟ್ರೀಯ ವಿಧಿಯೆಲ್ಲವೂ ನಮ್ಮಲ್ಲಿ ಮೊದಲೇ ಇದ್ದಿತೆಂದು ಹೇಳುವವರುಂಟು. ಅದು ಆತುರದ ಮಾತು. ರಾಮಾಯಣದಲ್ಲಿ ವಿಭೀಷಣನು ಹನುಮಂತನ ವಧೆಯನ್ನು ಮಾತ್ರ ತಡೆದನು. ಅಂಗವೈರೂಪ್ಯ, ಕಶಾಘಾತ, ಶಿರೋಮುಂಡನಗಳು ದೂತನಿಗೆ ವಿಹಿತವೆಂದು ಅವನೇ ನುಡಿದನು. ಬಾಲಕ್ಕೆ ಬೆಂಕಿ ಬಿದ್ದುದು ಆ ಬಳಿಕವೇ. ಭಾರತದಲ್ಲಿ ದುರ್ಯೋಧನನು ಸಂಧಿಗೆ ಬಂದ ಕೃಷ್ಣನನ್ನು ಕಟ್ಟಿಹಾಕಲೆಳಸಿದನು. ಪಂಪನೂ ಈ ಪ್ರಸಂಗವನ್ನು ಬಿಟ್ಟಿಲ್ಲ. ಅಲ್ಲಿ ಕೃಷ್ಣನನ್ನು ಕಾಯ್ದುದು ದೂತಧರ್ಮವಲ್ಲ, ವಿಶ್ವರೂಪ. ಇತರ ದೂತರಿಗೆ ಆ ಸೌಕರ್ಯವಿಲ್ಲವಷ್ಟೆ.

ಸಂಯುಕ್ತರಾಷ್ಟ್ರಗಳ ಮಹಾಸಭೆಯು 1946ರ ಫೆಬ್ರವರಿ 13ರಂದು ಅಂಗೀಕರಿಸಿದ ಒಡಂಬಡಿಕೆಯು ಇದಕ್ಕಿಂತ ಬಹುದೂರ ಹೋಗಿದೆ. ಸದಸ್ಯರಾಷ್ಟ್ರದ ಪ್ರತಿನಿಧಿಯನ್ನು ಸೆರೆಹಿಡಿಯಲಾಗದು, ಅವನ ಸಾಮಾನನ್ನು ಜಪ್ತಿಮಾಡಲಾಗದು, ಕಾಗದಪತ್ರಗಳನ್ನು ಮುಟ್ಟಲಾಗದು. ಪ್ರತಿನಿಧಿಯಾಗಿ ಆಡಿದ ಮಾತಿಗೂ ಮಾಡಿದ ಕಾರ್ಯಕ್ಕೂ ಅಧಿಕಾರವು ತೀರಿದ ಮೇಲೆಯೂ ವ್ಯವಹಾರ ಹೂಡುವಂತಿಲ್ಲ. ಆದರೆ ತನ್ನ ರಾಷ್ಟ್ರದ ಎದುರಿಗೇ ಅವನು ಈ ವಿನಾಯಿತಿಯನ್ನು ಮುಂದೊಡ್ಡಲಾರನು. ನ್ಯಾಯಕ್ಕೆ ಅಡ್ಡಿಯಾಗುವಲ್ಲಿ, ನಿಯೋಗಕ್ಕೆ ಹಾನಿಯಿಲ್ಲದಿದ್ದರೆ, ಕಳುಹಿಸಿದ ರಾಷ್ಟ್ರವು ಅದನ್ನು ಬಿಟ್ಟುಕೊಡಬೇಕಾದುದು ಕರ್ತವ್ಯ. ಪೂರ್ವಶಾಸ್ತ್ರದ ಕಾರಣವು ಇಲ್ಲಿ ಉಳಿದಿದೆ. ರಕ್ಷೆಯ ಮೇರೆ ಬೇರೆಯಾಗಿದೆ. ಭಾರತವು 1947ರಲ್ಲಿಯೇ ಇದಕ್ಕೆ ಶಾಸನವನ್ನು ಮಾಡಿತು.

ಇನ್ನೊಂದು ಭೇದವು ಇದಕ್ಕಿಂತ ದೊಡ್ಡದು. ಹಿಂದಿನ ದೂತನು ಯಾವ ಅರಸನಿಗೆ ಮಾತನ್ನು ಒಯ್ದನೋ ಅವನ ಮನೆಯಲ್ಲಿಯೇ ಇಳಿದುಕೊಳ್ಳುವನು. ಈಗಿನ ಪ್ರತಿನಿಧಿಯು ಮೂರನೆಯವರ ನೆಲದಲ್ಲಿ ಕೂಡಿದ ಸಭೆಗೆ ಹೋಗುವನು. ದಕ್ಷಿಣ ಕನ್ನಡದ ಬೆನಗಲ್ ನರಸಿಂಗರಾಯರು ಭಾರತದ ಪ್ರತಿನಿಧಿಯಾಗಿ ನ್ಯೂಯಾರ್ಕಿನಲ್ಲಿದ್ದಾಗ, ಅಮೆರಿಕವು 1946ರ ಒಡಂಬಡಿಕೆಗೆ ಸೇರಿರಲೇ ಇಲ್ಲ, ಸೇರಿದುದು 1970ರಲ್ಲಿ. ಅಲ್ಲಿ ರಾಯರಂಥವರಿಗೆ ಆಧಾರವಾದುದು 1947ರ ಜೂನ್ 26ರ ಕೇಂದ್ರಸ್ಥಾನದ ಒಪ್ಪಂದ. ಸಂಸ್ಥೆಯಲ್ಲಿ ನೆಲೆನಿಂತ ಪ್ರತಿನಿಧಿಗಳಿಗೆ ಅದು ರಾಯಭಾರಿಗಳ ಹಕ್ಕುಗಳನ್ನೇ ಕೊಟ್ಟಿತು. ನೆಲದೊಡೆಯನ ಕೃಪೆಯಿಂದ ಸಭೆಯು ನಡೆಯುವಂತಾದರೆ ಅಲ್ಲಿ ಸ್ವತಂತ್ರವಾದ ಮಾತು ಹುಟ್ಟದು.

ಕೌಟಿಲ್ಯನು ದೂತರನ್ನು ನಿಸೃಷ್ಟಾರ್ಥ, ಪರಿಮಿತಾರ್ಥ, ಶಾಸನಹರರೆಂದು ಮೂರು ಬಗೆಯಾಗಿ ಎಣಿಸಿರುವನು. 1950ರ ಜೂನ್ 27ರಂದು ಕೊರಿಯದ ಯುದ್ಧವನ್ನು ಕುರಿತು ಭದ್ರತಾಮಂಡಲಿಯು ಮತವೆಣಿಸಿದಾಗ ಅಧ್ಯಕ್ಷಪೀಠದಲ್ಲಿದ್ದವರು ನರಸಿಂಗರಾಯರೇ. ದೆಹಲಿಯಿಂದ ಆದೇಶವು ಬಂದಿರಲಿಲ್ಲವಾಗಿ ಅವರು ಮತವನ್ನು ಹಾಕಲಿಲ್ಲ. ಪರಿಮಿತಾರ್ಥನ ಲಕ್ಷಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. ಭಾರತದ ಸಮ್ಮತಿಯು ಜೂನ್ 29ರಂದು ತಿಳಿದುಬಂದಿತು.